ಬಾವಿಗೆ ಬಿಟ್ಟ ಮೀನು

ಮುಂಬಯಿಯ ಚರ್ಚ್‌ಗೇಟ್ ಸ್ಟೇಷನ್ನಿನಿಂದ ಹೊರಬಂದು ಹುತಾತ್ಮ ಚೌಕದ ಕಡೆಗೆ ನಡೆದರೆ, ಕ್ರಾಸ್ ಮೈದಾನದ ಅಂಚಿನಲ್ಲಿ ಬಣ್ಣದ ಗಾಜಿನ ಚಾವಣಿಯ ಕೆಳಗೆ ಒಂದು ಬಾವಿ ಇದೆ. ದಿನಾ ಅದೇ ದಾರಿಯಲ್ಲಿ ಆಫೀಸಿಗೆ ಹೋಗುವ ಎಷ್ಟೋ ಮಂದಿ ಅದನ್ನು ಗಮನಿಸಿರುವುದಿಲ್ಲ. ಭಿಖಾ ಬೆಹರಾಮ್ ಎಂಬ ಪಾರ್ಸಿ ವರ್ತಕ 1725ರಲ್ಲಿ ತೋಡಿಸಿದ ಬಾವಿ ಅದು. ಸಮುದ್ರ ಕೂಗಳತೆಯಲ್ಲಿದ್ದರೂ ನೀರು ಸಿಹಿ. ಪಾರ್ಸಿಗಳ ಪಂಚಾಂಗದಲ್ಲಿ ಜಲದೇವತೆಗೆ ಮೀಸಲಾದ ದಿನ ಜನ ಇಲ್ಲಿಗೆ ಬಂದು ದೀಪ ಹಚ್ಚುತ್ತಾರೆ, ನೀರಿಗೆ ಕೈಮುಗಿಯುತ್ತಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಥ ಬಾವಿಗಳು ಮುಂಬಯಿಯಲ್ಲಿ ಮೂಲೆಮೂಲೆಗೂ ಇದ್ದವು. ಮನೆಯ ಅಂಗಳದಲ್ಲಿ, ಚಾಳುಗಳ ನಡುವೆ, ದೇವಸ್ಥಾನ ಮಸೀದಿಗಳ ಆವರಣದಲ್ಲಿ, ಬಟ್ಟೆ ಗಿರಣಿಗಳ ಹಿಂದೆ. ಸೋಜಿಗದ ಸಂಗತಿಯೆಂದರೆ, ಆ ಹೊತ್ತಿಗೆ ನಗರಕ್ಕೆ ಕೊಳಾಯಿ ನೀರು ಬಂದು ಅರ್ಧ ಶತಮಾನವಾಗಿತ್ತು. ವಿಹಾರ್ ಕೆರೆಯ ನೀರು 1860ರಲ್ಲಿ, ತುಲಸಿಯದು 1879ರಲ್ಲಿ, ತಾನ್ಸಾದ್ದು 1892ರಲ್ಲಿ ಬಂತು. ಕುಡಿಯುವ ನೀರು ನಲ್ಲಿಯಲ್ಲಿ ಬರುತ್ತಿದ್ದರೂ ಬಾವಿಯನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ. ಬಳಕೆ ಕಡಿಮೆಯಾದ ಬಾವಿಯ ನೀರು ಕದಡುವುದಿಲ್ಲ. ಕದಡದ ತಿಳಿನೀರು ಒಂದು ಜಾತಿಯ ಸೊಳ್ಳೆಗೆ ಬಲು ಇಷ್ಟ.

ಆ ಸೊಳ್ಳೆಯ ಹೆಸರು ಅನಾಫಿಲಿಸ್ ಸ್ಟೀಫೆನ್ಸೈ. ಮುಂಬಯಿಯ ಮಲೇರಿಯಾಕ್ಕೆ ಕಾರಣ ಹುಡುಕಲು ನೇಮಕವಾದ ಡಾಕ್ಟರ್ ಚಾರ್ಲ್ಸ್ ಬೆಂಟ್ಲಿ ತನ್ನ ವರದಿಯನ್ನು 1911ರಲ್ಲಿ ಕೊಟ್ಟ. ಅಲ್ಲಿಯತನಕ ಮಲೇರಿಯಾ ಎಂದರೆ ಜೌಗುನೆಲದ, ಕಾಡಿನಂಚಿನ, ಹಳ್ಳಿಗಾಡಿನ ಕಾಯಿಲೆ ಎಂಬ ತಿಳಿವಳಿಕೆ ಇತ್ತು. ಬೆಂಟ್ಲಿ ತೋರಿಸಿದ್ದು ಬೇರೆಯೇ ಚಿತ್ರ. ಇಲ್ಲಿ ಕಾಯಿಲೆಯ ತವರು ನಗರದ ಹೊಟ್ಟೆಯೊಳಗಿನ ಬಾವಿ, ತೊಟ್ಟಿ, ಕಾರಂಜಿಗಳು. ಪರಿಹಾರವೂ ಸರಳವಾಗಿ ಕಂಡಿತು: ಬಾವಿಗಳನ್ನು ಮುಚ್ಚಿಬಿಡಿ. ಮುನಿಸಿಪಾಲಿಟಿ ಮಾಲೀಕರಿಗೆ ನೋಟಿಸು ಕಳಿಸತೊಡಗಿತು. (ಇದೇ ಬೆಂಟ್ಲಿ ಮುಂದೆ ಬಂಗಾಳಕ್ಕೆ ಹೋಗಿ, ರೈಲು ಮತ್ತು ರಸ್ತೆಗಳ ಏರಿಗಳು ನದಿಯ ನೆರೆನೀರನ್ನು ತಡೆದಿದ್ದರಿಂದಲೇ ಅಲ್ಲಿ ಮಲೇರಿಯಾ ಹೆಚ್ಚಿತು ಎಂದು ವಾದಿಸಿ, ತನ್ನ ಸರ್ಕಾರಕ್ಕೇ ಇರುಸುಮುರುಸು ತಂದ. ಅದು ಬೇರೆಯೇ ಕತೆ.)

ನೋಟಿಸು ಕೈಗೆ ಬಂದಾಗ ಜನ ಏನೆಂದರು ಎಂಬುದು ನಮಗೆ ಗೊತ್ತಿರುವುದು ಒಬ್ಬ ಮುನಿಸಿಪಲ್ ಅಧಿಕಾರಿಯ ಕುತೂಹಲದಿಂದ. ರುಸ್ತುಮ್ ಪೆಸ್ತನ್‌ಜಿ ಮಸಾನಿ ಆ ಕಾಲದಲ್ಲಿ ನಗರಾಡಳಿತದಲ್ಲಿ ಕೆಲಸದಲ್ಲಿದ್ದರು. ಮುಂದೆ ಮುಂಬಯಿಯ ಮುನಿಸಿಪಲ್ ಕಮಿಷನರೂ ಆದರು. ಸ್ವತಂತ್ರ ಪಕ್ಷದ ಮೀನೂ ಮಸಾನಿ ಅವರ ಮಗ. ಬಾವಿ ಮುಚ್ಚಲು ಒಪ್ಪದವರ ತಕರಾರುಗಳನ್ನು ಇನ್ನೊಬ್ಬ ಅಧಿಕಾರಿಯಾಗಿದ್ದರೆ ಫೈಲಿಗೆ ಹಾಕಿ ಕಟ್ಟಿಡುತ್ತಿದ್ದ. ಮಸಾನಿ ಅವನ್ನು ಕೂಡಿಸಿ, ದೇಶವಿದೇಶದ ಜಲಪೂಜೆಯ ಸಂಗತಿಗಳನ್ನು ಸೇರಿಸಿ, 1918ರಲ್ಲಿ ‘ಫೋಕ್‌ಲೋರ್ ಆಫ್ ವೆಲ್ಸ್’ ಎಂಬ ಪುಸ್ತಕವನ್ನೇ ಬರೆದರು. ಸೊಳ್ಳೆ ನಿಯಂತ್ರಣದ ಕಾನೂನೊಂದು ಜಾನಪದ ಗ್ರಂಥಕ್ಕೆ ಕಾರಣವಾದ ಉದಾಹರಣೆ ಬೇರೆ ಎಲ್ಲಾದರೂ ಇದ್ದೀತೇ ಎಂಬುದು ಅನುಮಾನ.

ಬಾವಿಯಲ್ಲೊಂದು ಶಕ್ತಿ ವಾಸವಾಗಿದೆ, ಮುಚ್ಚಿದರೆ ಮುನಿಯುತ್ತದೆ, ಮನೆತನಕ್ಕೆ ಕೇಡು ಎಂಬ ನಂಬಿಕೆ ಹಿಂದೂ, ಪಾರ್ಸಿ, ಮುಸ್ಲಿಂ ಭೇದವಿಲ್ಲದೆ ಹರಡಿತ್ತು. ಪಾರ್ಸಿಗಳಿಗೆ ನಂಬಿಕೆಯ ಜೊತೆಗೆ ವಿಧಿಯ ಪ್ರಶ್ನೆಯೂ ಇತ್ತು. ಅಗ್ನಿಮಂದಿರದ ಪೂಜೆಗೆ ಬೇಕಾದದ್ದು ಬಾವಿಯ ನೀರು. ಕೊಳಾಯಿ ನೀರು ಎಷ್ಟು ಶುದ್ಧವಾಗಿದ್ದರೂ ಅದರ ಜಾಗ ತುಂಬಲಾರದು. ಹೀಗಾಗಿ ನಗರದ ಆರೋಗ್ಯ ಒಂದು ಕಡೆ, ನೀರಿನೊಂದಿಗೆ ಜನರಿಗಿದ್ದ ನಂಟು ಇನ್ನೊಂದು ಕಡೆ ನಿಂತವು. ಕೊನೆಗೆ ಬಾವಿಯ ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆ, ನೀರು ಸೇದಲು ಬಾಗಿಲಿರುವ ಮುಚ್ಚಳ ಎಂಬಂಥ ರಾಜಿಗಳು ಹುಟ್ಟಿಕೊಂಡವು. ಕೆಲವು ಬಾವಿ ಮುಚ್ಚಿದವು, ಕೆಲವು ಉಳಿದವು. ಈ ಜಗಳವನ್ನು ಮೂಢನಂಬಿಕೆ ಮತ್ತು ವಿಜ್ಞಾನದ ಕಾಳಗವೆಂದು ಓದುವುದು ಸುಲಭ. ಆದರೆ ತಕರಾರು ಮಾಡಿದವರಲ್ಲಿ ಬಹಳ ಮಂದಿ ಕಾಯಿಲೆಯನ್ನು ಅಲ್ಲಗಳೆದವರಲ್ಲ. ನೀರು ಇರಬೇಕು, ಸೊಳ್ಳೆ ಇರಬಾರದು, ಅಂಥ ಉಪಾಯವಿದ್ದರೆ ಹೇಳಿ ಎಂಬುದಷ್ಟೇ ಅವರ ಮಾತಾಗಿತ್ತು. ಹಿತ್ತಲಲ್ಲೊಂದು ಕೊಳ ಮಾಡಿಕೊಂಡು ನೈದಿಲೆ ಬೆಳೆಸುವ ಇಂದಿನವರ ಮಾತೂ ಅದೇ ತಾನೇ?

ಈ ಬೇಡಿಕೆ ಎಷ್ಟು ಹೊಸದೆಂದು ತಿಳಿಯಲು ಇನ್ನೂ ಮೂವತ್ತು ವರ್ಷ ಹಿಂದಕ್ಕೆ, ಬೆಂಗಳೂರಿಗೆ ಹೋಗಬೇಕು. 1883ರಲ್ಲಿ ದಂಡಿನ ಪ್ರದೇಶಕ್ಕೆ ಬಂದ ಇಪ್ಪತ್ತಾರರ ತರುಣ ವೈದ್ಯ ರೊನಾಲ್ಡ್ ರಾಸ್‌ಗೆ ತನ್ನ ಬಂಗಲೆಯಲ್ಲಿ ಸೊಳ್ಳೆಯ ಕಾಟ. ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿಗಳು ಒದ್ದಾಡುವುದನ್ನು ನೋಡಿ, ಅದನ್ನು ಬೋರಲು ಹಾಕಿಸಿದ. ಸೊಳ್ಳೆ ಕಡಿಮೆಯಾದವು. ಉಳಿದ ತೊಟ್ಟಿಗಳನ್ನೂ ಹೀಗೆ ಮಾಡೋಣವೆಂದು ಮೇಲಿನ ಅಧಿಕಾರಿಗೆ ಹೇಳಿದರೆ, ಸೊಳ್ಳೆಗಳೂ ಏನೋ ಉದ್ದೇಶಕ್ಕೆ ಹುಟ್ಟಿದವು, ಸೃಷ್ಟಿಯ ಕ್ರಮ ಕೆಡಿಸಬಾರದು ಎಂಬ ಉತ್ತರ ಬಂತು. ರಾಸ್ ತನ್ನ ಆತ್ಮಕತೆಯಲ್ಲಿ ಇದನ್ನು ಹೇಳಿಕೊಂಡಿದ್ದಾನೆ. ಸೃಷ್ಟಿಕ್ರಮದ ಮಾತಾಡಿದವನು ಬಾವಿಗೆ ದೀಪ ಹಚ್ಚುವ ಮುದುಕಿಯಲ್ಲ, ಬ್ರಿಟಿಷ್ ಸೈನ್ಯದ ಅಧಿಕಾರಿ ಎಂಬುದನ್ನು ಗಮನಿಸಬೇಕು. ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟವನು ಇದೇ ರಾಸ್: 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಅನಾಫಿಲಿಸ್ ಸೊಳ್ಳೆಯೊಂದರ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡಾಗ.

ಪೀಪಾಯಿಯನ್ನು ಬೋರಲು ಹಾಕಬಹುದು. ಬಾವಿಯನ್ನು, ಕೊಳವನ್ನು, ಕಲ್ಯಾಣಿಯನ್ನು ಬೋರಲು ಹಾಕುವುದು ಹೇಗೆ? ಹಾಗಾಗಿ ಮುಚ್ಚಲೂ ಆಗದ, ಚೆಲ್ಲಲೂ ಆಗದ ನೀರಿಗೆ ಮೀನು ಬಿಡುವ ಯೋಚನೆ ಬಂತು.

ಯೋಚನೆಯ ಹಿಂದಿನ ಲೆಕ್ಕ ಸುಲಭ. ಸೊಳ್ಳೆ ನೀರಿನ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದ ಮರಿ ನೀರಲ್ಲೇ ಬೆಳೆದು, ಗೂಡುಹುಳುವಾಗಿ, ರೆಕ್ಕೆ ಬಂದು ಹಾರಿಹೋಗಲು ನಮ್ಮ ಸೆಕೆಯಲ್ಲಿ ಒಂದು ವಾರ ಹತ್ತು ದಿನ ಸಾಕು. ಅಷ್ಟೂ ದಿನ ಅದು ಉಸಿರಾಡಲು ನೀರಿನ ಮೇಲ್ಮೈಗೆ ಬರಲೇಬೇಕು. ಕ್ಯೂಲೆಕ್ಸ್ ಜಾತಿಯ ಮರಿ ಬಾಲದ ಕೊಳವೆಯನ್ನು ಮೇಲಿಟ್ಟು ತಲೆಕೆಳಗಾಗಿ ಜೋತಾಡುತ್ತದೆ; ಅನಾಫಿಲಿಸ್ ಮರಿಗೆ ಆ ಕೊಳವೆಯಿಲ್ಲ, ಮೇಲ್ಮೈಗೆ ಅಂಟಿದಂತೆ ಅಡ್ಡ ಮಲಗುತ್ತದೆ. ಬಾಯಿ ಮೇಲ್ಮುಖವಾಗಿರುವ, ಮೇಲ್ಮೈಯಲ್ಲೇ ಮೇಯುವ ಸಣ್ಣ ಮೀನಿಗೆ ಇದಕ್ಕಿಂತ ಸುಲಭದ ಊಟವಿಲ್ಲ. ತಳದಲ್ಲಿ ಮೇಯುವ ದೊಡ್ಡ ಮೀನು ನೂರಿದ್ದರೂ ಸೊಳ್ಳೆಗೆ ಚಿಂತೆಯಿಲ್ಲ.

ಅಂಥ ಮೀನುಗಳು ನಮ್ಮ ನೀರುಗಳಲ್ಲೇ ಇದ್ದವು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನಿಂದ ಸೀವೆಲ್ ಮತ್ತು ಚೌಧುರಿ 1912ರಲ್ಲಿ ಸೊಳ್ಳೆಮರಿ ತಿನ್ನುವ ಭಾರತೀಯ ಮೀನುಗಳ ಕುರಿತೇ ಒಂದು ಪುಸ್ತಕ ತಂದರು. ಅದರ ಮುಖ್ಯ ಪಾತ್ರಗಳಲ್ಲೊಂದು ಪ್ಯಾಂಚಾಕ್ಸ್ ಎಂಬ ಬೆರಳುದ್ದದ ಮೀನು. ನೆತ್ತಿಯ ಮೇಲೆ ಬೆಳ್ಳಿಯಂತೆ ಹೊಳೆಯುವ ಚುಕ್ಕೆಯಿರುವುದರಿಂದ ಬಂಗಾಳಿಗಳು ಅದನ್ನು ‘ತೇಚೋಖಾ’ ಎನ್ನುತ್ತಾರೆ, ಅಂದರೆ ಮೂರು ಕಣ್ಣಿನದು. ಕನ್ನಡಕ್ಕೆ ತರುವುದಾದರೆ ಮುಕ್ಕಣ್ಣ. ಅದರ ದಾಯಾದಿ ಮೀನು ನಮ್ಮ ಪಶ್ಚಿಮ ಘಟ್ಟದ ಹಳ್ಳ, ಗದ್ದೆ, ಬಾವಿಗಳಲ್ಲಿ ಇಂದಿಗೂ ಇದೆ. ಪುಸ್ತಕ ಬಂತು, ಆದರೆ ಸರ್ಕಾರಗಳ ಕಣ್ಣು ಮನೆಯ ಮೀನಿನ ಮೇಲೆ ನಿಲ್ಲಲಿಲ್ಲ.

ಏಕೆಂದರೆ ಆ ಹೊತ್ತಿಗೆ ಜಗತ್ತಿನಲ್ಲಿ ಗ್ಯಾಂಬೂಸಿಯಾದ ಹವಾ ಎದ್ದಿತ್ತು. ಅಮೆರಿಕದ ದಕ್ಷಿಣ ಸೀಮೆಯ ಈ ಮೀನು ಮೊಟ್ಟೆಯಿಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಮೊಟ್ಟೆಯಿಡಲು ಗಿಡ, ಮರಳು ಏನನ್ನೂ ಬೇಡುವುದಿಲ್ಲ. ಒಂದು ಡಬ್ಬಿಯಲ್ಲಿ ಹಿಡಿಸಿದಷ್ಟು ತಂದು ಬಿಟ್ಟರೆ ಕೆಲವೇ ತಿಂಗಳಲ್ಲಿ ಕೆರೆ ತುಂಬುತ್ತದೆ. 1905ರಲ್ಲಿ ಟೆಕ್ಸಸ್ಸಿನಿಂದ ಹವಾಯಿಗೆ, 1921ರಲ್ಲಿ ಸ್ಪೇನಿಗೆ, ಮರುವರ್ಷ ಇಟಲಿಗೆ ಹೋಯಿತು. ಇಟಲಿಯಿಂದ 1928ರಲ್ಲಿ ಡಾಕ್ಟರ್ ಬಿ. ಎ. ರಾವ್ ಅದನ್ನು ಭಾರತಕ್ಕೆ ತಂದರು. ಹೆಸರಿನ ಮೂಲವೂ ಸ್ವಾರಸ್ಯದ್ದು: ಕ್ಯೂಬಾದ ಆಡುಮಾತಿನಲ್ಲಿ ‘ಗ್ಯಾಂಬುಸಿನೋ’ ಎಂದರೆ ಏನೂ ಅಲ್ಲದ್ದು, ಲೆಕ್ಕಕ್ಕಿಲ್ಲದ್ದು. ಗಾಳ ಹಾಕಿ ಬರಿಗೈಲಿ ಬಂದವನು ಗ್ಯಾಂಬುಸಿನೋ ಹಿಡಿದು ಬಂದನೆಂದು ತಮಾಷೆ ಮಾಡುತ್ತಿದ್ದರಂತೆ. ಆ ಲೆಕ್ಕಕ್ಕಿಲ್ಲದ ಮೀನು ಹೋದಲ್ಲೆಲ್ಲ ಎಷ್ಟು ಲೆಕ್ಕಕ್ಕೆ ಬಂತು ಎಂಬುದನ್ನು ಮುಂದೆ ನೋಡೋಣ. ಹೊರಗಿನಿಂದ ಬಂದ ಇನ್ನೊಂದು ಮೀನು ಗಪ್ಪಿ, ದಕ್ಷಿಣ ಅಮೆರಿಕದ ಕಡೆಯದು. ಟ್ರಿನಿಡಾಡಿನಿಂದ ಅದರ ಮಾದರಿಗಳನ್ನು ಲಂಡನ್ನಿಗೆ ಕಳಿಸಿದ ರಾಬರ್ಟ್ ಗಪ್ಪಿ ಎಂಬ ಮನುಷ್ಯನ ಅಡ್ಡಹೆಸರೇ ಇಂದು ಜಗತ್ತಿನ ಎಲ್ಲ ಗಾಜಿನ ತೊಟ್ಟಿಗಳಲ್ಲಿ ಈಜಾಡುತ್ತಿದೆ.

ಮೈಸೂರು ಸಂಸ್ಥಾನ ಈ ಕತೆಯೊಳಕ್ಕೆ ಬರುವುದು ಇದೇ ವರ್ಷಗಳಲ್ಲಿ. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಇಲ್ಲಿ ಮಲೇರಿಯಾ ಅಧ್ಯಯನ ನಡೆಯುತ್ತಿತ್ತು. ಅಮೆರಿಕದ ಡಾಕ್ಟರ್ ಸ್ವೀಟ್ ಮತ್ತು ಬಿ. ಎ. ರಾವ್ 1937ರಲ್ಲಿ ಒಂದು ಸೂಕ್ಷ್ಮವನ್ನು ಪ್ರಕಟಿಸಿದರು. ಮುಂಬಯಿಯ ಬಾವಿಗಳಲ್ಲಿ ಕುಪ್ರಸಿದ್ಧವಾದ ಸ್ಟೀಫೆನ್ಸೈ ಸೊಳ್ಳೆ ಎಲ್ಲೆಡೆ ಒಂದೇ ಅಲ್ಲ. ಮೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಗರದ್ದೇ ಬೇರೆ, ಹಳ್ಳಿಯದೇ ಬೇರೆ. ಹಳ್ಳಿಯ ಬಗೆಗೆ ಅವರಿಟ್ಟ ಹೆಸರು ‘ಮೈಸೂರೆನ್ಸಿಸ್’. ಮೈಸೂರು ರೇಷ್ಮೆ, ಮೈಸೂರು ಪಾಕ್, ಮೈಸೂರು ಸೊಳ್ಳೆ! ಪುಣ್ಯಕ್ಕೆ ಇದು ರೋಗ ಹರಡುವುದರಲ್ಲಿ ಅಷ್ಟು ಚುರುಕಲ್ಲ. ನಗರದ ಬಗೆ ಮಾತ್ರ ಹಡಗು ಹತ್ತಿದೆ. 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿಕೊಂಡಿತು, ಆಮೇಲೆ ಇಥಿಯೋಪಿಯಾ ದಾಟಿ ಮುಂದೆ ಹೋಗುತ್ತಿದೆ. ನಗರದ ತೊಟ್ಟಿ ಬಾವಿಗಳನ್ನು ಏನು ಮಾಡಬೇಕೆಂಬ ಮುಂಬಯಿಯ ಹಳೆಯ ಪ್ರಶ್ನೆ ಈಗ ಆ ಊರುಗಳ ಎದುರಿಗಿದೆ.

ಅಷ್ಟರಲ್ಲಿ ಡಿಡಿಟಿ ಬಂತು. ಮುಂಬಯಿ ಪ್ರಾಂತ್ಯದಲ್ಲಿ ಅದರ ದೊಡ್ಡ ಪ್ರಯೋಗ ನಡೆದದ್ದು ನಮ್ಮ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲೇ, ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ, 1946ರ ಹೊತ್ತಿಗೆ. ಚಳಿಜ್ವರದಿಂದ ಹಳ್ಳಿಗೆ ಹಳ್ಳಿಯೇ ಬರಿದಾಗುತ್ತಿದ್ದ ಮಲೆನಾಡಿನ ಸೆರಗಿಗೆ ಅದು ಪವಾಡದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಅಲ್ಲಿನ ಸೊಳ್ಳೆ ಹುಟ್ಟುವುದು ಹರಿಯುವ ಝರಿಗಳಲ್ಲಿ, ಮೀನು ಬಿಟ್ಟು ಕಾಯುವ ಮಾತೇ ಇಲ್ಲ. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, 1965ರ ವೇಳೆಗೆ ದೇಶದ ಮಲೇರಿಯಾ ಪ್ರಕರಣ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಮೀನನ್ನು ಎಲ್ಲರೂ ಮರೆತರು. ಹನ್ನೊಂದು ವರ್ಷ ಕಳೆದು 1976ರಲ್ಲಿ ಆ ಸಂಖ್ಯೆ 64 ಲಕ್ಷ ದಾಟಿತ್ತು. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡಿದ್ದವು, ಆಡಳಿತ ಮೈಮರೆತಿತ್ತು.

ಮೀನು ಮರಳಿ ಬಂದದ್ದು ಈ ಸೋಲಿನ ಬೆನ್ನಿಗೆ. 1983ರಲ್ಲಿ ಡಾಕ್ಟರ್ ವಿ. ಪಿ. ಶರ್ಮಾ ಗುಜರಾತಿನ ಖೇಡಾ ಜಿಲ್ಲೆಯ ನಡಿಯಾದ್ ಸುತ್ತಿನ ಹಳ್ಳಿಗಳಲ್ಲಿ ಕೀಟನಾಶಕವಿಲ್ಲದೆ ಮಲೇರಿಯಾ ತಡೆಯಲು ಹೊರಟರು. ಗುಂಡಿ ಮುಚ್ಚು, ಸೋರುವ ನಲ್ಲಿ ಸರಿಮಾಡು, ಉಳಿದ ನೀರಿಗೆ ಗಪ್ಪಿ ಬಿಡು.

ಕರ್ನಾಟಕದಲ್ಲಿ ಇದೇ ಕೆಲಸ ಹಿಡಿದ ವಿಜ್ಞಾನಿಗಳಿಗೆ, ಎಸ್. ಕೆ. ಘೋಷ್ ಮತ್ತು ಸಂಗಡಿಗರಿಗೆ, ಕೋಲಾರದ ಕಡೆ ಒಂದು ವಿಚಿತ್ರ ಅನುಕೂಲವಿತ್ತು. ಅದು ರೇಷ್ಮೆಯ ಸೀಮೆ. ಹುಳು ಸಾಕುವುದು ಜನ ವಾಸಿಸುವ ಮನೆಯೊಳಗೇ, ಗೋಡೆಗೆ ಒರಗಿಸಿದ ತಟ್ಟೆಗಳಲ್ಲಿ. ಮಲೇರಿಯಾ ಇಲಾಖೆಯವರು ಔಷಧ ಸಿಂಪಡಿಸಬೇಕಾದದ್ದೂ ಅದೇ ಗೋಡೆಗೆ. ಸೊಳ್ಳೆ ಸಾಯುವ ಔಷಧಕ್ಕೆ ರೇಷ್ಮೆಹುಳುವೂ ಸಾಯುತ್ತದೆ. ಜ್ವರ ಬಂದರೆ ಮಾತ್ರೆ ನುಂಗಬಹುದು. ಹುಳು ಸತ್ತರೆ ಆ ಬೆಳೆ ಹೋಯಿತು, ಸಾಲ ನಿಂತಿತು. ಸಿಂಪಡಿಸುವವರಿಗೆ ಬಾಗಿಲು ತೆರೆಯದ ರೈತನನ್ನು ಅಜ್ಞಾನಿ ಎನ್ನುವುದು ಅಧಿಕಾರಿಗಳಿಗೆ ಸಲೀಸು, ಆದರೆ ಅವನ ಲೆಕ್ಕ ಪಕ್ಕಾ ಇತ್ತು. ಮುಂಬಯಿಯ ಬಾವಿ ಮಾಲೀಕರಂತೆ ಅವನೂ ಕೇಳಿದ್ದು ಒಂದೇ: ನನ್ನದನ್ನು ಉಳಿಸುವ ಉಪಾಯ ಹೇಳಿ. ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬಾವಿ ಬಾವಿಗೂ ಗಪ್ಪಿ, ಕುಂಟೆ ಕೆರೆಗಳಿಗೆ ಗ್ಯಾಂಬೂಸಿಯಾ ಬಿಟ್ಟರು. ಮಲೇರಿಯಾ ಇಳಿಯಿತು. ಅದರ ವರದಿ 2005ರಲ್ಲಿ ವಿಜ್ಞಾನ ಪತ್ರಿಕೆಯೊಂದರಲ್ಲಿ ಬಂತು.

ಎಲ್ಲ ಶ್ರೇಯಸ್ಸೂ ಮೀನಿಗೇ ಸೇರಬೇಕೇ ಎಂಬುದು ಕೇಳಬೇಕಾದ ಪ್ರಶ್ನೆ. ಇಂಥ ಕೆಲಸ ನಡೆಯುವಾಗ ಹಳ್ಳಿಗೆ ರಕ್ತಪರೀಕ್ಷೆ, ಚಿಕಿತ್ಸೆ, ಓಡಾಡುವ ಸಿಬ್ಬಂದಿ ಎಲ್ಲವೂ ಬರುತ್ತವೆ. ಒಂದು ಮೀನು ದಿನಕ್ಕೆ ನೂರರಿಂದ ಮುನ್ನೂರು ಮರಿ ತಿನ್ನುತ್ತದೆ ಎಂದು ಸರ್ಕಾರಿ ಕೈಪಿಡಿಗಳು ಹೇಳುವುದು ಗ್ಯಾಂಬೂಸಿಯಾದ ಬಗ್ಗೆ. ಹಸಿದ ಮೀನಿನ ಮುಂದೆ ಸೊಳ್ಳೆಮರಿ ಬಿಟ್ಟು ಬೇರೇನೂ ಇಲ್ಲದ ಪಾತ್ರೆಯಲ್ಲಿ ಎಷ್ಟು ಬೇಕಾದರೂ ಎಣಿಸಬಹುದು. ಅಂಚಿಗೆ ಹುಲ್ಲು, ಪಾಚಿ ಕವಿದ ಕೊಳದಲ್ಲಿ ಮರಿ ಅಡಗುತ್ತದೆ, ಮೀನು ಬೇರೆ ಏನನ್ನೋ ತಿನ್ನುತ್ತದೆ. ಮೀನು ಬಿಟ್ಟ ಬಾವಿಗೆ ಇನ್ನೊಂದು ಇಲಾಖೆಯವರು ಬಂದು ಬ್ಲೀಚಿಂಗ್ ಪೌಡರ್ ಸುರಿದರೆ ಮೀನು ತೇಲುತ್ತದೆ. ಗೋಡೆ ನೇರವಾಗಿರುವ, ಅಂಚು ಸ್ವಚ್ಛವಾಗಿರುವ, ದಿನಾ ಯಾರಾದರೂ ಬಗ್ಗಿ ನೋಡುವ ನೀರಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಬಾವಿಗೆ ಅದು ಒಗ್ಗಿದ್ದು ಅದಕ್ಕೇ.

ಬೇಲಿಯಿಲ್ಲದ ನೀರಿನಲ್ಲಿ ನಡೆದದ್ದು ಬೇರೆ. ಗ್ಯಾಂಬೂಸಿಯಾ ಸೊಳ್ಳೆಮರಿಯಷ್ಟನ್ನೇ ತಿನ್ನುತ್ತದೆಂದು ಯಾರೂ ಅದರಿಂದ ಬರೆಸಿಕೊಂಡಿರಲಿಲ್ಲ. ಊರಿನ ಸಣ್ಣ ಮೀನುಗಳ ಮೊಟ್ಟೆ, ಕಪ್ಪೆಯ ಗೊದಮೊಟ್ಟೆ, ಸೊಳ್ಳೆಯನ್ನೇ ತಿನ್ನುವ ಬೇರೆ ನೀರುಹುಳುಗಳು, ಎಲ್ಲವೂ ಅದರ ಹೊಟ್ಟೆಗೆ. ದೊಡ್ಡ ಮೀನುಗಳ ರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ಲೋಕದ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಸೇರಿಸಿದೆ. ಕಪ್ಪೆಮರಿ ಹೋದ, ಕೊಡತಿ ಹುಳದ ಮರಿ ಹೋದ ಕೊಳದಲ್ಲಿ ಸೊಳ್ಳೆಗೆ ಉಳಿದ ಶತ್ರು ಗ್ಯಾಂಬೂಸಿಯಾ ಒಂದೇ. ಇಷ್ಟಾದರೂ 2023ರಲ್ಲಿ ಆಂಧ್ರಪ್ರದೇಶ ಸರ್ಕಾರ ಸುಮಾರು ಒಂದು ಕೋಟಿ ಗ್ಯಾಂಬೂಸಿಯಾ ಮರಿಗಳನ್ನು ಕೆರೆಕುಂಟೆಗಳಿಗೆ ಬಿಟ್ಟ ಸುದ್ದಿ ಬಂತು. 1912ರ ಕಲ್ಕತ್ತೆಯ ಪುಸ್ತಕದ ಮುಕ್ಕಣ್ಣ ಮೀನಿಗೆ ಇನ್ನೂ ಅಂಥ ಯೋಗ ಬಂದಿಲ್ಲ. ಹಿತ್ತಲಿನ ಕೊಳ ಮಳೆಗಾಲದಲ್ಲಿ ಉಕ್ಕಿ ಪಕ್ಕದ ಹಳ್ಳ ಸೇರುವಂತಿದ್ದರೆ, ಅಂಗಡಿಯಿಂದ ತಂದ ಗಪ್ಪಿಯನ್ನಾಗಲೀ ಗ್ಯಾಂಬೂಸಿಯಾವನ್ನಾಗಲೀ ಅದಕ್ಕೆ ಬಿಡುವುದು ಹಳ್ಳಕ್ಕೇ ಬಿಟ್ಟಂತೆ. ಅಂಚಿನ ಕಳೆ ಕಿತ್ತು, ಪಕ್ಕದ ಹಳ್ಳದಲ್ಲೇ ಇರುವ ಸಣ್ಣ ಮೀನು ನಾಲ್ಕನ್ನು ಬಿಟ್ಟರೆ ಕೆಲಸ ನಡೆಯುತ್ತದೆ, ಊರಿನ ನೀರೂ ಕೆಡುವುದಿಲ್ಲ.

ಕೋಲಾರದ ಬಾವಿಗಳ ಕತೆ ಬಹುಮಟ್ಟಿಗೆ ಬೇರೆಯದೇ ಕಾರಣದಿಂದ ಮುಗಿಯಿತು. ಕೊಳವೆಬಾವಿಗಳು ಆಳಕ್ಕೆ ಹೋದಂತೆ ತೆರೆದ ಬಾವಿಗಳು ಒಂದೊಂದಾಗಿ ಒಣಗಿದವು. ಬಾವಿಯ ಜೊತೆಗೆ ಗಪ್ಪಿಯೂ ಹೋಯಿತು, ಬಾವಿಯ ಸೊಳ್ಳೆಯೂ ಹೋಯಿತು. ನೀರು ನಾಲ್ಕು ದಿನಕ್ಕೊಮ್ಮೆ ಬರತೊಡಗಿದಾಗ ಜನ ಮನೆಯೊಳಗೆ ಸಿಮೆಂಟಿನ ತೊಟ್ಟಿ ಕಟ್ಟಿಸಿ ತುಂಬಿಟ್ಟರು. ಅದರಲ್ಲಿ ಹುಟ್ಟಿದ್ದು ಬೇರೆ ಸೊಳ್ಳೆ, ಹಗಲು ಕಚ್ಚುವ ಈಡಿಸ್. 2006ರಲ್ಲಿ ಚಿಕೂನ್‌ಗುನ್ಯಾ ರಾಜ್ಯದ ತುಂಬ ಜನರ ಕೀಲು ಹಿಡಿದು ಮಲಗಿಸಿದ ಮೇಲೆ, ಅದೇ ವಿಜ್ಞಾನಿಗಳ ತಂಡ ತುಮಕೂರು, ಕೋಲಾರದ ಹಳ್ಳಿಗಳಿಗೆ ಮತ್ತೆ ಮೀನು ಹಿಡಿದು ಹೋಯಿತು. ಈ ಬಾರಿ ಬಿಟ್ಟದ್ದು ಅಡುಗೆಮನೆ, ಬಚ್ಚಲುಗಳ ತೊಟ್ಟಿಗೆ. ಆ ತೊಟ್ಟಿಯನ್ನು ಆಗಾಗ ಬರಿದು ಮಾಡಿ ತಿಕ್ಕಿ ತೊಳೆಯುವವರು ಮನೆಯ ಹೆಂಗಸರು. ಮೀನು ಉಳಿಯುವುದು ಅವರು ತೊಳೆಯುವ ಮೊದಲು ಅದನ್ನು ಒಂದು ಬಿಂದಿಗೆಗೆ ಹಿಡಿದಿಟ್ಟು, ಹೊಸ ನೀರು ತುಂಬಿದ ಮೇಲೆ ಮರಳಿ ಬಿಟ್ಟರೆ ಮಾತ್ರ.